ಮೊದಲು ಎಣಿಸಬೇಕಾದದ್ದು ನನ್ನ ಜಾಕೆಟ್ಟಿನ ಎಳೆಗಳನ್ನು

ನದಿ ನೀರಿನಲ್ಲಿ ಮೈಕ್ರೋಪ್ಲಾಸ್ಟಿಕ್, ಅಂದರೆ ಪ್ಲಾಸ್ಟಿಕ್ಕಿನ ಪುಟ್ಟ ಚೂರು, ಎಳೆಗಳನ್ನು ಹುಡುಕಲು ಶುರು ಮಾಡಿದಾಗ ಮೊದಲ ತಿಂಗಳು ಎಣಿಸಿದ್ದನ್ನೆಲ್ಲ ಕೈಬಿಡಬೇಕಾಯಿತು. ಮೈಕ್ರೋಸ್ಕೋಪಿನ ಕೆಳಗೆ ಇಟ್ಟ ಪ್ರತಿ ಮಾದರಿಯಲ್ಲೂ ನೀಲಿ ಎಳೆಗಳು ಕಾಣುತ್ತಿದ್ದವು. ನದಿ ಇಷ್ಟೊಂದು ಕೆಟ್ಟಿದೆಯಲ್ಲ ಅಂತ ಸಂಕಟವಾಯಿತು. ಒಂದು ದಿನ ನದಿ ನೀರನ್ನು ಬಿಟ್ಟು, ಬರೀ ಶುದ್ಧ ನೀರನ್ನು ಅದೇ ಬಲೆ, ಅದೇ ಜರಡಿ, ಅದೇ ಬಾಟಲಿಗಳಲ್ಲಿ ಹಾಯಿಸಿ ನೋಡಿದೆ. ಅಲ್ಲೂ ಅದೇ ನೀಲಿ ಎಳೆ. ನಾನು ದಿನಾ ಹಾಕಿಕೊಳ್ಳುತ್ತಿದ್ದ ಪಾಲಿಯೆಸ್ಟರ್ ಜಾಕೆಟ್ಟಿನ ಬಣ್ಣವೂ ಅದೇ.

ಈ ಶುದ್ಧ ನೀರಿನ ಪರೀಕ್ಷೆಗೆ ‘ಬ್ಲ್ಯಾಂಕ್’ ಅನ್ನುತ್ತಾರೆ. ಇದಿಲ್ಲದೆ ಬರೆದ ಸಂಖ್ಯೆಯಲ್ಲಿ ನದಿಯದೆಷ್ಟು, ನಮ್ಮದೆಷ್ಟು ಅಂತ ಯಾರೂ ಹೇಳಲಾರರು. ಈಗ ನಾನು ಕಡು ಕಿತ್ತಳೆ ಬಣ್ಣದ ಹತ್ತಿ ಅಂಗಿ ಹಾಕುತ್ತೇನೆ. ಅದರ ಎಳೆ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಮಾದರಿಗೆ ಬೆರೆಸುವ ಉಪ್ಪುನೀರು, ಪೆರಾಕ್ಸೈಡ್ ಎಲ್ಲವನ್ನೂ ಮೊದಲೇ ಸೋಸಿಡುತ್ತೇನೆ. ಕೆಲಸ ಮಾಡುವಾಗ ಪಕ್ಕದಲ್ಲಿ ಒದ್ದೆ ಫಿಲ್ಟರ್ ಕಾಗದವೊಂದು ತೆರೆದೇ ಇರುತ್ತದೆ. ಗಾಳಿಯಿಂದ ಏನು ಬೀಳುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

5 ಮಿಲಿಮೀಟರಿಗಿಂತ ಚಿಕ್ಕ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಅನ್ನುತ್ತಾರೆ. 2004ರಲ್ಲಿ ಬ್ರಿಟನ್ನಿನ ಸಾಗರ ವಿಜ್ಞಾನಿ ರಿಚರ್ಡ್ ಥಾಂಪ್ಸನ್ ಮತ್ತು ಸಂಗಡಿಗರ ಲೇಖನ ಬಂದ ಮೇಲೆ ಈ ಹೆಸರು ಬಳಕೆಗೆ ಬಂತು. ಹೆಚ್ಚಿನವರು ಬಳಸುವ ಬಲೆಯ ಕಣ್ಣು ಸುಮಾರು 300 ಮೈಕ್ರಾನ್, ಅಂದರೆ 0.3 ಮಿಲಿಮೀಟರ್. ತೆಳ್ಳಗಿನ ಎಳೆ ಅದರಲ್ಲಿ ಉದ್ದುದ್ದಕ್ಕೆ ನುಸುಳಿ ಹೋಗುತ್ತದೆ. ಅದಕ್ಕೇ ಬಲೆಯ ಜೊತೆಗೆ ಗಾಜಿನ ಜಾಡಿಯಲ್ಲಿ ನೀರನ್ನೂ ತಂದು ಸೋಸುತ್ತೇನೆ. ಬಲೆಯ ಬಾಯಿಗೆ ಹರಿವು ಅಳೆಯುವ ಮೀಟರ್ ಬೇಕೇ ಬೇಕು. ಎಷ್ಟು ನೀರು ಹಾದುಹೋಯಿತು ಅಂತ ಗೊತ್ತಿಲ್ಲದೆ ಚೂರು ಎಣಿಸಿ ಏನು ಪ್ರಯೋಜನ? ಎಲೆ, ಪಾಚಿ ತುಂಬಿದರೆ ನೀರು ಬಲೆಯ ಬಾಯಿ ಬಿಟ್ಟು ಪಕ್ಕದಿಂದ ಹರಿದುಬಿಡುತ್ತದೆ. ಆಗ ಬೇಗ ಎತ್ತಿಬಿಡುವುದೇ ಸರಿ.

ಪ್ಲಾಸ್ಟಿಕ್ ಮಾತ್ರ ಉಳಿಯಲಿ ಅಂತ, ಬಲೆಯಲ್ಲಿ ಬಂದ ಎಲೆ, ಪಾಚಿಯ ಕಸವನ್ನು 30% ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಸ್ವಲ್ಪ ಕಬ್ಬಿಣದ ಸಲ್ಫೇಟ್ ಹಾಕಿ ಕರಗಿಸುತ್ತೇನೆ. ಇದು ತಾನಾಗಿ ಕಾದು ನೊರೆ ಉಕ್ಕಿಸುತ್ತದೆ. ಒಮ್ಮೆ ಉಕ್ಕಿ, ಒಂದಿಡೀ ಮಾದರಿ ಮೇಜಿನ ಮೇಲೆ ಚೆಲ್ಲಿತು. ಈಗ ಬೀಕರನ್ನು ತಣ್ಣೀರಿನ ಪಾತ್ರೆಯಲ್ಲಿ ಇಟ್ಟು, ಸ್ವಲ್ಪ ಸ್ವಲ್ಪವೇ ಹಾಕುತ್ತೇನೆ. ಬಿಸಿ ಜಾಸ್ತಿಯಾದರೆ ನೈಲಾನಿನಂಥ ಪ್ಲಾಸ್ಟಿಕ್ ಕೂಡ ಹಾಳಾಗುತ್ತದೆ.

ನದಿಯ ಕೆಸರಿನದು ಬೇರೆಯೇ ಕಷ್ಟ. ಅದರೊಳಗಿನ ಪ್ಲಾಸ್ಟಿಕ್ಕನ್ನು ಭಾರದ ನೀರಿನಲ್ಲಿ ತೇಲಿಸಿ ಬೇರ್ಪಡಿಸಬೇಕು. ಅಡುಗೆ ಉಪ್ಪನ್ನು ಕರಗುವಷ್ಟೂ ಕರಗಿಸಿದರೆ ನೀರಿನ ಸಾಂದ್ರತೆ ಸುಮಾರು 1.2 ಆಗುತ್ತದೆ. ಪಾಲಿಥೀನ್, ಪಾಲಿಪ್ರೊಪಿಲೀನ್ ಸಲೀಸಾಗಿ ತೇಲುತ್ತವೆ. ಆದರೆ ಪಾಲಿಯೆಸ್ಟರ್ ಸುಮಾರು 1.38, ಪಿವಿಸಿ ಅದರ ಆಸುಪಾಸು. ಅವು ಕೆಸರಲ್ಲೇ ಉಳಿಯುತ್ತವೆ. ಬಟ್ಟೆ ಒಗೆದ ನೀರಿನ ಎಳೆಗಳನ್ನು ಹುಡುಕುವವರು ಉಪ್ಪನ್ನೇ ನಂಬಿದರೆ, ಹುಡುಕುತ್ತಿರುವುದೇ ಕೈತಪ್ಪಿ ಹೋಗುತ್ತದೆ, ಅಲ್ವಾ? ನಾನು ಇನ್ನೂ ಭಾರದ ದ್ರಾವಣ ಕೊಡುವ ಸತುವಿನ ಕ್ಲೋರೈಡಿಗೆ ಬದಲಾದೆ. ಅದು ಜಲಚರಗಳಿಗೆ ವಿಷ. ಹಾಗಾಗಿ ಒಂದು ತೊಟ್ಟೂ ಚರಂಡಿಗೆ ಬಿಡದೆ ಸೋಸಿ ಮತ್ತೆ ಬಳಸುತ್ತೇನೆ.

ಕಣ್ಣನ್ನೂ ಪೂರ್ತಿ ನಂಬಬಾರದು. ಬಣ್ಣ ಹಾಕಿದ ಹತ್ತಿಯ ಎಳೆ ಪ್ಲಾಸ್ಟಿಕ್ಕಿನಂತೆಯೇ ಕಾಣುತ್ತದೆ. ಕಾಯಿಸಿದ ಸೂಜಿ ತಾಗಿಸಿದಾಗ ಹೆಚ್ಚಿನ ಪ್ಲಾಸ್ಟಿಕ್ ಕರಗಿ ಸುರುಟಿಕೊಳ್ಳುತ್ತದೆ, ಹತ್ತಿ ಹಾಗಾಗುವುದಿಲ್ಲ. ಖಚಿತವಾಗಿ ತಿಳಿಯಬೇಕಾದರೆ ಇನ್‌ಫ್ರಾರೆಡ್ ಬೆಳಕು ಹಾಯಿಸಿ ವಸ್ತು ಯಾವುದೆಂದು ಗುರುತಿಸುವ ಯಂತ್ರವೇ ಬೇಕು. ಟೈರ್ ಸವೆದು ಬಂದ ಕಪ್ಪು ಚೂರುಗಳ ವಿಷಯದಲ್ಲಿ ಆ ಯಂತ್ರವೂ ತಡವರಿಸುತ್ತದೆ. ಚೂರಿನೊಳಗಿನ ಕಾರ್ಬನ್ ಬೆಳಕನ್ನೆಲ್ಲ ನುಂಗಿಬಿಡುತ್ತದೆ.

ಮ್ಯಾಂಚೆಸ್ಟರ್ ಸುತ್ತಲಿನ ನದಿಗಳ ಬಗ್ಗೆ 2018ರಲ್ಲಿ ಬಂದ ಅಧ್ಯಯನವೊಂದು ನನ್ನ ಕೆಲಸದ ದಾರಿ ಬದಲಿಸಿತು. ಅಲ್ಲಿನ ನದಿತಳದಲ್ಲಿದ್ದ ಮೈಕ್ರೋಪ್ಲಾಸ್ಟಿಕ್ಕಿನ ಸುಮಾರು 70% ಪ್ರವಾಹಕ್ಕೆ ಕೊಚ್ಚಿಹೋಗಿತ್ತು. ಶಾಂತವಾಗಿ ಹರಿಯುವ ದಿನ ಮಾತ್ರ ಮಾದರಿ ತಂದರೆ ಅರ್ಧ ಕಥೆಯೂ ಸಿಗುವುದಿಲ್ಲ. ಈಗ ನೀರು ಏರುವಾಗಲೂ ಹೋಗುತ್ತೇನೆ. ಆ ರಭಸಕ್ಕೆ ಬಲೆ ನಿಲ್ಲುವುದಿಲ್ಲ. ಸೇತುವೆಯ ಮೇಲಿಂದ ಸ್ಟೀಲ್ ಬಕೆಟ್ ಇಳಿಸಿ ಎತ್ತುತ್ತೇನೆ. ಹಾಗೆ ಎರಡನೇ ಸಲ ಎತ್ತುವಾಗ ಕೈಯಲ್ಲಿದ್ದ ಹಗ್ಗದ ಕಡೆ ಗಮನ ಹೋಯಿತು. ನೈಲಾನ್. ಅವತ್ತಿನ ಮಾದರಿಯ ಪಕ್ಕದಲ್ಲಿ ಆ ಹಗ್ಗದ ಒಂದು ತುಂಡನ್ನೂ ಇಟ್ಟು ಹೋಲಿಸಿದೆ. ಮರುದಿನವೇ ಹತ್ತಿ ಹಗ್ಗ ಕಟ್ಟಿದೆ.