ಫೋನಲ್ಲೇ ಫೋಟೊ, ವೀಡಿಯೊ ಎಡಿಟಿಂಗ್: ನಾನು ಮಾಡುವ ಕ್ರಮ

ಎಡಿಟಿಂಗಿಗೆ ಯಾವ ಆಪ್ ಚೆನ್ನಾಗಿದೆ ಅಂತ ಸ್ನೇಹಿತರು ಆಗಾಗ ಕೇಳುತ್ತಾರೆ. ನಾನು ಬಳಸುವುದನ್ನು ಮೊದಲೇ ಹೇಳಿಬಿಡುತ್ತೇನೆ. ಫೋಟೊಗೆ ಸ್ನ್ಯಾಪ್‌ಸೀಡ್. ಬಣ್ಣದ ಕೆಲಸ ಜಾಸ್ತಿ ಇದ್ದರೆ ಲೈಟ್‌ರೂಮ್. ವೀಡಿಯೊಗೆ ವಿಎನ್. ನಿಮ್ಮ ಫೋನಿನಲ್ಲಿ ಬೇರೆ ಆಪ್ ಇದ್ದರೂ ಏನೂ ತೊಂದರೆ ಇಲ್ಲ, ಟೂಲ್‌ಗಳು ಹೆಚ್ಚುಕಮ್ಮಿ ಎಲ್ಲದರಲ್ಲೂ ಅವೇ. ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಕೊನೆಗೆ ಮುಟ್ಟಬೇಕು ಅನ್ನುವುದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ. ಹೆಚ್ಚಿನವರು ಆಪ್ ತೆರೆದ ಕೂಡಲೇ ಫಿಲ್ಟರ್‌ಗೆ ಹೋಗುತ್ತಾರೆ. ನಾನು ಫಿಲ್ಟರ್ ಮುಟ್ಟುವುದು ಕಟ್ಟಕಡೆಗೆ, ಅದೂ ಬೇಕಾದರೆ ಮಾತ್ರ.

ಆಪ್ ತೆರೆಯುವ ಮುಂಚೆ ಸ್ಕ್ರೀನ್ ಸರಿಮಾಡಿಕೊಳ್ಳುತ್ತೇನೆ. ರಾತ್ರಿ ಹೊತ್ತು ಕಣ್ಣಿಗೆ ಹಿತವಾಗಲಿ ಅಂತ ಫೋನು ತಾನೇ ಪರದೆಯನ್ನು ಹಳದಿ ಮಾಡುತ್ತದೆ ಅಲ್ವಾ, ಅದನ್ನು ಆಫ್ ಮಾಡಬೇಕು. ಇಲ್ಲದಿದ್ದರೆ ಫೋಟೊ ಹಳದಿ ಇದೆ ಅಂದುಕೊಂಡು ನಾವು ನೀಲಿ ತುಂಬುತ್ತೇವೆ. ಬೆಳಿಗ್ಗೆ ನೋಡಿದರೆ ಎಲ್ಲರ ಮುಖವೂ ಚಳಿಗೆ ನಡುಗಿದ ಹಾಗೆ ಕಾಣುತ್ತದೆ. ಬ್ರೈಟ್‌ನೆಸ್ ತಾನಾಗಿ ಏರಿಳಿಯುವುದನ್ನೂ ನಿಲ್ಲಿಸಿ ಮಧ್ಯದಲ್ಲಿ ಇಟ್ಟುಕೊಳ್ಳುತ್ತೇನೆ. ಫುಲ್ ಬ್ರೈಟ್‌ನೆಸ್‌ನಲ್ಲಿ ಎಡಿಟ್ ಮಾಡಿದ ಫೋಟೊ ಬೇರೆಯವರ ಫೋನಿನಲ್ಲಿ ಕಪ್ಪಗೆ ಕಾಣುತ್ತದೆ.

ಒಂದು ಫೋಟೊ ಇಟ್ಟುಕೊಂಡೇ ಹೇಳುತ್ತೇನೆ. ಅಣ್ಣನ ಮಗಳು ಕಿಟಕಿ ಪಕ್ಕ ಕೂತು ಪುಸ್ತಕ ಓದುತ್ತಿದ್ದಾಳೆ. ಹೊರಗಿನ ಬೆಳಕಿಗೆ ಕಿಟಕಿ ಬೆಳ್ಳಗಾಗಿದೆ, ಅವಳ ಮುಖ ಕಪ್ಪಾಗಿದೆ. ಹಿಂದಿನ ಗೋಡೆಯ ಮೇಲೆ ಒಂದು ವೈರ್ ಇಳಿಬಿದ್ದಿದೆ. ಕ್ಯಾಮೆರಾ ಚೂರು ಓರೆಯಾಗಿದೆ. ಫೋನಿನಲ್ಲಿ ತೆಗೆದ ಬಹುಪಾಲು ಫೋಟೊಗಳ ಕಥೆ ಇದೇ.

ಮೊದಲು ಓರೆ ಸರಿಮಾಡುತ್ತೇನೆ. ಕಿಟಕಿಯ ಚೌಕಟ್ಟು ನೆಟ್ಟಗೆ ನಿಂತರೆ ಸಾಕು, ಅರ್ಧ ಫೋಟೊ ಚೆನ್ನಾಗಿ ಕಾಣುತ್ತದೆ. ಆಮೇಲೆ ಕ್ರಾಪ್. ಕ್ರಾಪ್ ಮಾಡಿದರೆ ಕ್ವಾಲಿಟಿ ಹೋಗುತ್ತದೆ ಅಂತ ಕೆಲವರು ಹೆದರುತ್ತಾರೆ. ಲೆಕ್ಕ ಹಾಕಿದರೆ ಆ ಹೆದರಿಕೆ ಹೋಗುತ್ತದೆ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ 4000×3000 ಪಿಕ್ಸೆಲ್. ಉದ್ದ ಅಗಲ ಎರಡನ್ನೂ ಅರ್ಧ ಮಾಡಿದರೂ 2000×1500, ಅಂದರೆ 3 ಮೆಗಾಪಿಕ್ಸೆಲ್ ಉಳಿಯುತ್ತದೆ. 1080×1920 ಅಳತೆಯ ಸ್ಟೇಟಸ್ ಚಿತ್ರ ಎರಡು ಮೆಗಾಪಿಕ್ಸೆಲ್‌ಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪ್ರಿಂಟ್ ಹಾಕಿಸುವ ಉದ್ದೇಶ ಇದ್ದರೆ ಮಾತ್ರ ನಾನು ಕೈ ಬಿಗಿ ಹಿಡಿಯುತ್ತೇನೆ.

ಕ್ರಾಪ್ ಆದಮೇಲೆ ಬೆಳಕು. ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ಬ್ರೈಟ್‌ನೆಸ್ ಏರಿಸಿದರೆ ಮುಖದ ಜೊತೆಗೆ ಕಿಟಕಿಯೂ ಬೆಳಗಿ, ಇರುವ ಚೂರುಪಾರು ವಿವರವೂ ಮಾಯವಾಗುತ್ತದೆ. ಅದಕ್ಕೆ ಮೊದಲು ಹೈಲೈಟ್ಸ್, ಅಂದರೆ ತೀರಾ ಬೆಳ್ಳಗಿರುವ ಜಾಗಗಳ ಬೆಳಕನ್ನು, ಇಳಿಸುತ್ತೇನೆ. ಕಿಟಕಿಯಾಚೆಯ ಎಲೆ, ಕೊಂಬೆ ಏನಾದರೂ ಮರಳಿ ಕಾಣುತ್ತದೆಯೇ ನೋಡುತ್ತೇನೆ. ಕಂಡರೆ ಸಂತೋಷ. ಎಷ್ಟು ಇಳಿಸಿದರೂ ಬರೀ ಬೂದಿ ಬಣ್ಣ ಬರುತ್ತಿದ್ದರೆ ಅಲ್ಲಿ ಏನೂ ಉಳಿದಿಲ್ಲ ಅಂತ ಅರ್ಥ. ಸಾಮಾನ್ಯ ಜೆಪೆಗ್ ಫೋಟೊದಲ್ಲಿ ಒಂದೊಂದು ಬಣ್ಣಕ್ಕೆ 0ಯಿಂದ 255ರವರೆಗೆ, ಒಟ್ಟು 256 ಮಟ್ಟ ಮಾತ್ರ. ಮೂರೂ ಬಣ್ಣ 255 ಮುಟ್ಟಿದ ಜಾಗ ಅಚ್ಚ ಬಿಳಿ. ಅದರ ಹಿಂದೆ ಏನಿತ್ತು ಅನ್ನುವುದು ಫೈಲಿನಲ್ಲೇ ಇಲ್ಲ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ಕಂಡದ್ದನ್ನು ಹೆಚ್ಚು ತಿದ್ದದೆ ಹಾಗೇ ಇಡುವ ಫೈಲಿನಲ್ಲಿ, ತೆಗೆದಿದ್ದರೆ ಇನ್ನಷ್ಟು ಜಾಗ ಸಿಗುತ್ತದೆ, ಆದರೆ ಅದು ತುಂಬಾ ದೊಡ್ಡ ಫೈಲು. ದಿನನಿತ್ಯದ ಫೋಟೊಗೆ ನಾನು ರಾ ಬಳಸುವುದಿಲ್ಲ. ತೆಗೆಯುವಾಗಲೇ ಬೆಳ್ಳಗಿನ ಜಾಗದ ಮೇಲೆ ಬೆರಳಿಟ್ಟು ಎಕ್ಸ್‌ಪೋಷರ್ ಚೂರು ಇಳಿಸಿಕೊಳ್ಳುತ್ತೇನೆ. ಕಪ್ಪನ್ನು ಆಮೇಲೆ ಎತ್ತಬಹುದು, ಸುಟ್ಟುಹೋದ ಬಿಳಿಯನ್ನು ತರಲು ಆಗುವುದಿಲ್ಲ.

ಆಮೇಲೆ ಶ್ಯಾಡೋಸ್, ಅಂದರೆ ಕತ್ತಲಿನ ಜಾಗಗಳ ಬೆಳಕನ್ನು, ಏರಿಸಿ ಮುಖ ಎತ್ತುತ್ತೇನೆ. ಪೂರ್ತಿ ಎಳೆಯಬಾರದು. ಜಾಸ್ತಿ ಎಳೆದರೆ ಕತ್ತಲಿನ ಜಾಗದಲ್ಲಿ ಕಾಳುಕಾಳಾಗಿ ನಾಯ್ಸ್ ಏಳುತ್ತದೆ. ಕಿಟಕಿಯ ಮುಂದೆ ಕೂತವರ ಮುಖ ಸ್ವಲ್ಪ ನೆರಳಲ್ಲೇ ಇರಬೇಕು, ಅದು ಸಹಜ. ಮುಖವೂ ಕಿಟಕಿಯೂ ಒಂದೇ ಸಮ ಬೆಳಗಿದರೆ ಅಂಟಿಸಿದ ಚಿತ್ರದ ಹಾಗೆ ಕಾಣುತ್ತದೆ.

ಉಳಿದ ಚೂರಿಗೆ ಸ್ನ್ಯಾಪ್‌ಸೀಡ್‌ನ ಸೆಲೆಕ್ಟಿವ್ ಟೂಲ್ ಇದೆ. ನನ್ನ ಮಟ್ಟಿಗೆ ಆ ಆಪಿನಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಆಪ್ ಹೊಸದಲ್ಲ. ನಿಕ್ ಸಾಫ್ಟ್‌ವೇರ್ ಅನ್ನುವ ಕಂಪನಿ 2011ರಲ್ಲಿ ತಂದಿದ್ದು. 2012ರಲ್ಲಿ ಗೂಗಲ್ ಆ ಕಂಪನಿಯನ್ನು ಕೊಂಡುಕೊಂಡಿತು. ಈ ಟೂಲಿನಲ್ಲಿ ಕೆನ್ನೆಯ ಮೇಲೆ ಬೆರಳಿಟ್ಟರೆ ಅಲ್ಲೊಂದು ಚುಕ್ಕೆ ಕೂರುತ್ತದೆ. ಎರಡು ಬೆರಳು ಅಗಲಿಸಿದರೆ ವೃತ್ತ ದೊಡ್ಡದಾಗುತ್ತದೆ, ಆಗ ಯಾವ ಜಾಗಕ್ಕೆ ಪರಿಣಾಮ ಆಗುತ್ತದೆ ಅನ್ನುವುದು ಕೆಂಪಾಗಿ ಕಾಣುತ್ತದೆ. ಚೆಂದ ಏನು ಅಂದರೆ ವೃತ್ತದ ಒಳಗೆ ಇರುವುದೆಲ್ಲ ಬದಲಾಗುವುದಿಲ್ಲ. ಚುಕ್ಕೆ ಇಟ್ಟ ಜಾಗದ ಬಣ್ಣಕ್ಕೆ ಹತ್ತಿರ ಇರುವುದು ಮಾತ್ರ ಬದಲಾಗುತ್ತದೆ. ಕೆನ್ನೆ ಬೆಳಗುತ್ತದೆ, ಪಕ್ಕದ ಕಪ್ಪು ಕೂದಲು ಹಾಗೇ ಉಳಿಯುತ್ತದೆ. ಕೂದಲಿನ ಸುತ್ತ ಬ್ರಷ್ ಹಿಡಿದು ತಿದ್ದುವ ತಲೆನೋವೇ ಇಲ್ಲ.

ಬಣ್ಣಕ್ಕೆ ಬರುವುದು ಇದೆಲ್ಲ ಆದಮೇಲೆ. ಬೆಳಕು ಬದಲಾದರೆ ಬಣ್ಣವೂ ಬೇರೆಯಾಗಿ ಕಾಣುತ್ತದೆ, ಅದಕ್ಕೇ ಈ ಕ್ರಮ. ವೈಟ್ ಬ್ಯಾಲೆನ್ಸ್, ಅಂದರೆ ಬಿಳಿ ಬಿಳಿಯಾಗೇ ಕಾಣುವಂತೆ ಬಣ್ಣ ಹೊಂದಿಸುವ ಕೆಲಸ, ಮಾಡುವಾಗ ಫೋಟೊದಲ್ಲಿ ನಿಜವಾಗಿ ಬಿಳಿ ಇರಬೇಕಾದ್ದು ಯಾವುದು ಅಂತ ಹುಡುಕುತ್ತೇನೆ. ಇಲ್ಲಿ ಪುಸ್ತಕದ ಹಾಳೆ ಇದೆ. ಕಷ್ಟ ಬರುವುದು ಕಿಟಕಿ ಬೆಳಕಿನ ಜೊತೆ ಒಳಗೆ ಹಳದಿ ಬಲ್ಬೂ ಉರಿಯುತ್ತಿದ್ದಾಗ. ಬೆಳಕಿನ ಬಣ್ಣ ಅಳೆಯುವ ಕೆಲ್ವಿನ್ ಲೆಕ್ಕದಲ್ಲಿ ಹಗಲು ಬೆಳಕು ಸುಮಾರು 5500, ಹಳದಿ ಬಲ್ಬು 2700ರಿಂದ 3000. ಒಂದೇ ಸ್ಲೈಡರ್ ಎರಡನ್ನೂ ಸರಿಮಾಡಲಾರದು. ನಾನು ಮುಖಕ್ಕೆ ಹೊಂದಿಸಿ, ಗೋಡೆಯ ಹಳದಿ ಇದ್ದರೆ ಇರಲಿ ಅಂತ ಬಿಡುತ್ತೇನೆ. ತೀರಾ ಕಣ್ಣಿಗೆ ಹೊಡೆದರೆ ಲೈಟ್‌ರೂಮ್‌ನ ಕಲರ್ ಮಿಕ್ಸ್‌ನಲ್ಲಿ ಹಳದಿಯೊಂದರದ್ದೇ ಸ್ಯಾಚುರೇಶನ್ (ಬಣ್ಣದ ಗಾಢತೆ) ಇಳಿಸುತ್ತೇನೆ. ಅಲ್ಲೇ ಕಿತ್ತಳೆ ಬಣ್ಣದ ಲ್ಯೂಮಿನೆನ್ಸ್ (ಆ ಬಣ್ಣದ ಹೊಳಪು) ಒಂದು ಚೂರು ಏರಿಸಿದರೆ ಚರ್ಮ ತಿಳಿಯಾಗುತ್ತದೆ. ಯಾರ ಚರ್ಮವಾದರೂ ಅದರ ಮೂಲ ಬಣ್ಣ ಕಿತ್ತಳೆಯ ಹತ್ತಿರ ಬರುತ್ತದೆ, ಕಪ್ಪಗಿರಲಿ ಬೆಳ್ಳಗಿರಲಿ. ಚೂರು ಅಂದರೆ ಚೂರೇ. ಜನರನ್ನು ಬೆಳ್ಳಗೆ ಮಾಡುವ ಕೆಲಸ ನನಗೆ ಹಿಡಿಸುವುದಿಲ್ಲ.

ಬ್ಯೂಟಿ ಫಿಲ್ಟರ್ ಬಗ್ಗೆಯೂ ಇದೇ ಮಾತು. ಮೊಡವೆ ನಾಳೆ ಹೋಗುವಂಥದ್ದು, ಅದನ್ನು ಹೀಲಿಂಗ್‌ನಲ್ಲಿ, ಅಂದರೆ ಬೇಡದ್ದನ್ನು ಒರೆಸಿ ಸುತ್ತಲಿನಂತೆಯೇ ತುಂಬುವ ಟೂಲಿನಲ್ಲಿ, ಒರೆಸಿಬಿಡುತ್ತೇನೆ. ಮಚ್ಚೆ, ಗಾಯದ ಗುರುತು, ನೆರಿಗೆ ಮುಟ್ಟುವುದಿಲ್ಲ. ಅವರೇ ಕೇಳಿದರೆ ಬೇರೆ ಮಾತು.

ಗೋಡೆಯ ವೈರ್ ತೆಗೆಯುವುದೂ ಹೀಲಿಂಗ್ ಟೂಲಿನಿಂದಲೇ. ಒಂದೇ ಉದ್ದಗೆರೆ ಎಳೆದರೆ ಕಲೆ ಬೀಳುತ್ತದೆ. ಚೆನ್ನಾಗಿ ಝೂಮ್ ಮಾಡಿಕೊಂಡು, ಚಿಕ್ಕ ಚಿಕ್ಕ ತುಂಡಾಗಿ ಒರೆಸಬೇಕು. ಝೂಮ್ ಮಾಡಿದಷ್ಟೂ ಬ್ರಷ್ ಸಣ್ಣದಾಗುತ್ತದೆ. ಖಾಲಿ ಗೋಡೆಯಲ್ಲಿ ಗೊತ್ತೇ ಆಗುವುದಿಲ್ಲ. ವೈರ್ ಕಿಟಕಿಯ ಚೌಕಟ್ಟನ್ನು ದಾಟುವ ಜಾಗದಲ್ಲಿ ಮಾತ್ರ ಗೆರೆ ಸೊಟ್ಟಗಾಗುತ್ತದೆ. ಅಂಥ ಜಾಗ ಇದ್ದರೆ ಕ್ರಾಪ್‌ನಲ್ಲೇ ತೆಗೆಯುವುದು ಸುಲಭ. ಕೊನೆಗೆ ಸ್ವಲ್ಪ ಶಾರ್ಪನಿಂಗ್, ಅಷ್ಟೇ. ಸೇವ್ ಮಾಡುವಾಗ ಹೊಸ ಕಾಪಿಯಾಗಿ ಸೇವ್ ಮಾಡುತ್ತೇನೆ. ಜೆಪೆಗ್ ಅನ್ನು ಮತ್ತೆ ಮತ್ತೆ ತೆರೆದು ತಿದ್ದಿ ಸೇವ್ ಮಾಡಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಹಾಳಾಗುತ್ತಾ ಹೋಗುತ್ತದೆ.

ಇನ್ನು ವೀಡಿಯೊ. ಇಲ್ಲಿ ಕ್ರಮ ತಪ್ಪಿದರೆ ಶಿಕ್ಷೆ ಜಾಸ್ತಿ.

ಅತ್ತಿಗೆ ಗಿಡದ ಕುಂಡ ಬದಲಿಸುವುದು ಹೇಗೆ ಅಂತ ಹೇಳಿಕೊಡುವ ವೀಡಿಯೊ ಮಾಡಿದೆವು. ಮೊದಲು ಪ್ರಾಜೆಕ್ಟಿನ ಅಳತೆ ನಿರ್ಧರಿಸಬೇಕು. ಉದ್ದ ಪರದೆಗೆ 9:16, ಅಡ್ಡ ಪರದೆಗೆ 16:9. ಎಲ್ಲ ಕತ್ತರಿಸಿ, ಅಕ್ಷರ ಕೂರಿಸಿದಮೇಲೆ ಅಳತೆ ಬದಲಿಸಿದರೆ ಪ್ರತಿ ತುಣುಕನ್ನೂ ಮತ್ತೆ ಕೂರಿಸಬೇಕು. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು ಕೂಡ ಆಗಲೇ. ತೆಗೆದದ್ದು 30ರಲ್ಲಿ ಇದ್ದರೆ ಪ್ರಾಜೆಕ್ಟ್ ಕೂಡ 30. ಸುಮ್ನೆ 60 ಮಾಡಿದರೆ ಫೈಲ್ ದೊಡ್ಡದಾಗುತ್ತದೆಯೇ ಹೊರತು ಚಲನೆ ನಯವಾಗುವುದಿಲ್ಲ.

ಆಮೇಲೆ ಫೋನ್ ಕೆಳಗಿಟ್ಟು ವೀಡಿಯೊವನ್ನು ಬರೀ ಕೇಳುತ್ತೇನೆ. ಚಿತ್ರ ನೋಡುವುದಿಲ್ಲ. ಮಾತು ಎಲ್ಲಿ ಎಳೆಯುತ್ತಿದೆ, ಎಲ್ಲಿ ಹೇಳಿದ್ದನ್ನೇ ಹೇಳುತ್ತಿದ್ದಾರೆ, ಎಲ್ಲಿ ಫ್ಯಾನಿನ ಸದ್ದು ಏಳುತ್ತದೆ ಅನ್ನುವುದು ಕಿವಿಗೆ ಬೇಗ ಗೊತ್ತಾಗುತ್ತದೆ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ಹೋಗಿಬಿಡುತ್ತಾರೆ. ಕೇಳಿದ ಮೇಲೆ ಸ್ಪ್ಲಿಟ್, ಡಿಲೀಟ್, ಸ್ಪ್ಲಿಟ್, ಡಿಲೀಟ್. ಬೇಸರದ ಕೆಲಸ, ಆದರೆ ವೀಡಿಯೊ ಆಗುವುದೇ ಇಲ್ಲಿ. ಎರಡು ಮಾತಿನ ನಡುವಿನ ಉಸಿರನ್ನು ಪೂರ್ತಿ ಕತ್ತರಿಸಬೇಡಿ. ಈಗ ಹಾಗೆ ಮಾಡುವ ಫ್ಯಾಷನ್ ಇದೆ. ನನಗಂತೂ ಕೇಳುವಾಗ ನನ್ನ ಉಸಿರೇ ಕಟ್ಟುತ್ತದೆ.

ಕತ್ತರಿಸಿದ ಜಾಗದಲ್ಲಿ ಮುಖ ಟಕ್ಕನೆ ಜಿಗಿಯುತ್ತದೆ. ಅದನ್ನು ಮುಚ್ಚಲು ಟ್ರಾನ್ಸಿಶನ್ ಹಾಕುವವರಿದ್ದಾರೆ. ನಾನು ಕೈಯ ಕ್ಲೋಸಪ್ ಹಾಕುತ್ತೇನೆ. ಅತ್ತಿಗೆ ‘ಬೇರಿನ ಸುತ್ತ ಇರುವ ಹಳೇ ಮಣ್ಣು ಉದುರಿಸಿ’ ಅನ್ನುವ ಜಾಗದಲ್ಲಿ ಕತ್ತರಿ ಬಿದ್ದಿತ್ತು. ಮಾತನ್ನು ಹಾಗೇ ಓಡಲು ಬಿಟ್ಟು, ಮೇಲಿನ ಟ್ರ್ಯಾಕಿನಲ್ಲಿ ಬೆರಳು ಮಣ್ಣು ಬಿಡಿಸುವ ತುಣುಕನ್ನು ಕೂರಿಸಿದೆ. ಜಿಗಿತ ಅದರಡಿಯಲ್ಲಿ ಮುಚ್ಚಿಹೋಯಿತು. ಆ ಕ್ಲೋಸಪ್ ಮಾತಿಗಿಂತ ಅರ್ಧ ಸೆಕೆಂಡ್ ಮುಂಚೆ ಬಂದರೆ ಇನ್ನೂ ಚೆಂದ. ಇಂಥ ತುಣುಕುಗಳನ್ನು ಶೂಟ್ ಮಾಡುವಾಗಲೇ ನಾಲ್ಕಾರು ತೆಗೆದಿಟ್ಟುಕೊಳ್ಳಬೇಕು.

ನೀರು ಸುರಿಯುವುದನ್ನು ಸ್ಲೋ ಮೋಶನ್ ಮಾಡುವ ಆಸೆ ಎಲ್ಲರಿಗೂ. ಅದನ್ನು 120 ಫ್ರೇಮ್‌ನಲ್ಲಿ ತೆಗೆದಿದ್ದರೆ 30ರ ವೀಡಿಯೊದಲ್ಲಿ ನಾಲ್ಕು ಪಟ್ಟು ನಿಧಾನ ಮಾಡಬಹುದು. 30ರಲ್ಲಿ ತೆಗೆದದ್ದನ್ನು ಅರ್ಧ ವೇಗಕ್ಕೆ ಇಳಿಸಿದರೆ ಸೆಕೆಂಡಿಗೆ 15 ನಿಜವಾದ ಫ್ರೇಮ್ ಉಳಿಯುತ್ತದೆ. ಉಳಿದ ಜಾಗಕ್ಕೆ ಆಪ್ ಅದೇ ಫ್ರೇಮನ್ನು ಎರಡೆರಡು ಸಲ ತೋರಿಸುತ್ತದೆ, ಇಲ್ಲವೇ ಊಹಿಸಿ ತುಂಬುತ್ತದೆ. ನೀರಿನ ಹನಿಯನ್ನು ಊಹಿಸಲು ಹೋಗಿ ಅಂಟು ಅಂಟಾಗಿ ಮಾಡಿಬಿಡುತ್ತದೆ.

ಕನ್ನಡ ಅಕ್ಷರ ಹಾಕುವಾಗ ಬರುವ ಪಾಡು ಬೇರೆಯೇ. ಆಪಿನಲ್ಲಿ ನೂರು ಫಾಂಟ್ ಇರುತ್ತವೆ, ಹೆಚ್ಚಿನವು ಇಂಗ್ಲಿಷಿಗೆ ಮಾತ್ರ. ಯಾವುದು ಒತ್ತಿದರೂ ಕನ್ನಡ ಒಂದೇ ಥರ ಕಾಣುತ್ತದೆ, ಯಾಕೆಂದರೆ ಆ ಫಾಂಟಿನಲ್ಲಿ ಕನ್ನಡವೇ ಇಲ್ಲದೆ ಫೋನು ತನ್ನ ಫಾಂಟ್ ಹಾಕುತ್ತಿರುತ್ತದೆ. ಹೊರಗಿನ ಫಾಂಟ್ ಸೇರಿಸಲು ಬಿಡುವ ಆಪ್ ಆದರೆ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಾಲೂ ತಮ್ಮ ಇವೆಲ್ಲ ಉಚಿತವಾಗಿ ಸಿಗುತ್ತವೆ. ಯುನಿಕೋಡ್ ಫಾಂಟನ್ನೇ ಹಾಕಿ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಆಸ್ಕಿ ಫಾಂಟ್ ಹಾಕಿದರೆ ಕೀಬೋರ್ಡಿನಲ್ಲಿ ಟೈಪ್ ಮಾಡಿದ ಕನ್ನಡಕ್ಕೆ ಅದು ತಾಳೆಯಾಗುವುದೇ ಇಲ್ಲ. ಇನ್ನೊಂದು, ಟೈಪ್‌ರೈಟರ್ ಅನಿಮೇಶನ್. ಇಂಗ್ಲಿಷಿನಲ್ಲಿ ಚೆಂದ. ಕನ್ನಡದಲ್ಲಿ ಕೆಲವು ಆಪ್‌ಗಳು ‘ಮಣ್ಣು’ ಬರೆಯುವಾಗ ಮೊದಲು ‘ಮ’, ಆಮೇಲೆ ‘ಮಣ’, ‘ಮಣ್’, ‘ಮಣ್ಣ’, ಕೊನೆಗೆ ‘ಮಣ್ಣು’ ಅಂತ ತೋರಿಸುತ್ತವೆ. ಅಕ್ಷರ ಕುಣಿದಾಡಿದ ಹಾಗೆ ಆಗುತ್ತದೆ. ನಾನು ಇಡೀ ಸಾಲು ಒಟ್ಟಿಗೆ ಮೂಡುವ ಫೇಡ್ ಒಂದನ್ನೇ ಬಳಸುತ್ತೇನೆ. ಅಕ್ಷರಗಳ ನಡುವಿನ ಅಂತರ ಹೆಚ್ಚಿಸುವ ಸ್ಲೈಡರ್ ಕೂಡ ಒತ್ತಕ್ಷರ ಒಡೆಯಬಹುದು, ಅದನ್ನು ಸೊನ್ನೆಯಲ್ಲೇ ಬಿಡುತ್ತೇನೆ.

ಸಂಗೀತ ಬೇಕಾದರೆ ಹಾಕಿ, ಮಾತು ಬಂದಾಗ ಇಳಿಸಿ. ಇಯರ್‌ಫೋನಿನಲ್ಲೂ ಫೋನಿನ ಸ್ಪೀಕರಿನಲ್ಲೂ ಒಂದೊಂದು ಸಲ ಕೇಳಿ ನೋಡಿ. ಒಂದರಲ್ಲಿ ಸರಿಯಿದ್ದದ್ದು ಇನ್ನೊಂದರಲ್ಲಿ ಮಾತನ್ನೇ ನುಂಗಿಬಿಡುತ್ತದೆ.

ಎಕ್ಸ್‌ಪೋರ್ಟ್ ಮಾಡುವಾಗ ಎಲ್ಲವನ್ನೂ ಗರಿಷ್ಠಕ್ಕೆ ಎಳೆಯುವ ಅಗತ್ಯವಿಲ್ಲ. 1080ರಲ್ಲಿ ತೆಗೆದದ್ದನ್ನು 4ಕೆ ಮಾಡಿದರೆ ಹೊಸ ವಿವರ ಎಲ್ಲಿಂದ ಬರಬೇಕು? ಫೈಲ್ ಎಷ್ಟು ದೊಡ್ಡದಾಗುತ್ತದೆ ಅನ್ನುವುದನ್ನು ಬಿಟ್‌ರೇಟ್ ನೋಡಿಯೇ ಹೇಳಬಹುದು. ಬಿಟ್‌ರೇಟ್ ಅಂದರೆ ಒಂದು ಸೆಕೆಂಡಿನ ವೀಡಿಯೊಗೆ ಎಷ್ಟು ಡೇಟಾ ಅನ್ನುವುದು. ಸೆಕೆಂಡಿಗೆ 16 ಮೆಗಾಬಿಟ್ ಇಟ್ಟರೆ ನಿಮಿಷಕ್ಕೆ 960 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 120 ಎಂಬಿ. ವೀಡಿಯೊ ಕುಗ್ಗಿಸಿಡುವ ಎರಡು ವಿಧಾನಗಳಲ್ಲಿ ಹೊಸದಾದ ಎಚ್‌ಇವಿಸಿ ಆಯ್ಕೆ ಮಾಡಿದರೆ ಅದೇ ಗುಣಮಟ್ಟಕ್ಕೆ ಹಳೆಯ ಎಚ್.264ಗಿಂತ ಸುಮಾರು ಅರ್ಧ ಬಿಟ್‌ರೇಟ್ ಸಾಕಾಗುತ್ತದೆ, ಆದರೆ ಹಳೇ ಫೋನುಗಳಲ್ಲಿ ಓಡದೇ ಇರಬಹುದು. ಯಾರ ಫೋನ್ ಯಾವುದೋ ಗೊತ್ತಿಲ್ಲದಿದ್ದರೆ ನಾನು ಎಚ್.264 ಅನ್ನೇ ಇಡುತ್ತೇನೆ. ಚಾಟ್ ಆಪಿನಲ್ಲಿ ಕಳಿಸುವಾಗ ವೀಡಿಯೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಅದು ಕುಗ್ಗದೆ ಹೋಗುತ್ತದೆ. ಫೋಟೊ ಹಾಗೆ ಕಳಿಸುವಾಗ ಒಂದು ಎಚ್ಚರ: ಎಲ್ಲಿ ತೆಗೆದದ್ದು ಅನ್ನುವ ಲೊಕೇಶನ್ ಮಾಹಿತಿಯೂ ಫೈಲಿನ ಜೊತೆಗೇ ಹೋಗಬಹುದು. ಮನೆಯಲ್ಲಿ ತೆಗೆದದ್ದಾದರೆ ಅದನ್ನು ತೆಗೆದುಹಾಕಿ ಕಳಿಸಿ.

ಎಕ್ಸ್‌ಪೋರ್ಟ್ ಆದ ಫೈಲನ್ನು ಗ್ಯಾಲರಿಯಲ್ಲಿ ಪೂರ್ತಿ ನೋಡುವವರೆಗೂ ಮೂಲ ತುಣುಕುಗಳನ್ನು ಅಳಿಸುವುದಿಲ್ಲ. ಎಷ್ಟೋ ಆಪ್‌ಗಳಲ್ಲಿ ಪ್ರಾಜೆಕ್ಟ್ ಅಂದರೆ ಎಲ್ಲಿ ಕತ್ತರಿಸಬೇಕು ಅನ್ನುವ ಟಿಪ್ಪಣಿ ಮಾತ್ರ, ವೀಡಿಯೊ ಗ್ಯಾಲರಿಯಲ್ಲೇ ಇರುತ್ತದೆ. ಅಲ್ಲಿ ಅಳಿಸಿದರೆ ಪ್ರಾಜೆಕ್ಟಿನಲ್ಲಿ ಖಾಲಿ ಚೌಕ ಉಳಿಯುತ್ತದೆ. ಜಾಗ ಸಾಲದಿದ್ದರೆ ಮೊದಲು ಆಪಿನ ಕ್ಯಾಶ್ (ಆಪ್ ತನ್ನ ಅನುಕೂಲಕ್ಕೆ ಕೂಡಿಟ್ಟ ತಾತ್ಕಾಲಿಕ ಫೈಲುಗಳು) ಖಾಲಿ ಮಾಡಿ, ಅದರಿಂದಲೇ ಎಷ್ಟೋ ಜಾಗ ಬಿಡುಗಡೆಯಾಗುತ್ತದೆ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಕ್ಲಿಯರ್ ಕ್ಯಾಶ್’ ಪಕ್ಕದಲ್ಲೇ ‘ಕ್ಲಿಯರ್ ಡೇಟಾ’ ಅಂತಲೂ ಇರುತ್ತದೆ. ಅದನ್ನು ಒತ್ತಿದರೆ ಪ್ರಾಜೆಕ್ಟುಗಳೂ ಹೋಗುತ್ತವೆ, ಓದಿಕೊಂಡು ಒತ್ತಿ.