ಲ್ಯಾಪ್‌ಟಾಪ್‌ಗೆ ರ‍್ಯಾಮ್ ಕೊಳ್ಳೋ ಮುಂಚೆ

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್‌ನಲ್ಲಿ ಮೆಮೊರಿ, ಅಂದರೆ ರ‍್ಯಾಮ್ ಬಳಕೆ, ನೋಡಿ. ದಿನದ ಕೆಲಸ ನಡೆಯುವಾಗ ಬಳಕೆ 90% ಮೇಲೇ ನಿಂತಿದ್ದರೆ, ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ವಿಂಡೋಸ್ ಡಿಸ್ಕ್‌ಗೆ ತಳ್ಳುತ್ತಿರುತ್ತದೆ, ತಡವರಿಸೋದು ಅದಕ್ಕೇ. 60% ದಾಟದಿದ್ದರೆ ರ‍್ಯಾಮ್‌ಗೆ ದುಡ್ಡು ಹಾಕಬೇಡಿ. ಇನ್ನೂ ಹಾರ್ಡ್‌ಡಿಸ್ಕ್ ಇದ್ದರೆ ಅದರ ಬದಲು ಹೆಚ್ಚು ವೇಗದ ಎಸ್‌ಎಸ್‌ಡಿ ಹಾಕಿಸಿ.

ಅಲ್ಲೇ ಫಾರ್ಮ್ ಫ್ಯಾಕ್ಟರ್ (ರ‍್ಯಾಮ್‌ನ ಆಕಾರ) 'ಸೋಡಿಮ್' ಅಂತಿದ್ದರೆ ಅದು ಸ್ಲಾಟ್‌ಗೆ ಸಿಕ್ಕಿಸೋ ಪಟ್ಟಿ, ಬದಲಿಸಬಹುದು. 'ರೋ ಆಫ್ ಚಿಪ್ಸ್' ಅಂತಿದ್ದರೆ ಸಾಮಾನ್ಯವಾಗಿ ಬೋರ್ಡ್‌ಗೇ ಬೆಸುಗೆ ಹಾಕಿರುತ್ತಾರೆ. ರ‍್ಯಾಮ್‌ನ ತಲೆಮಾರೂ ಹೊಂದಬೇಕು: ಡಿಡಿಆರ್4 ಪಟ್ಟಿಗೆ 260 ಪಿನ್, ಅದರ ನಂತರದ ಡಿಡಿಆರ್5ಗೆ 262. ಕಚ್ಚಿನ ಜಾಗವೂ ಬೇರೆ, ಒಂದರ ಸ್ಲಾಟ್‌ನಲ್ಲಿ ಇನ್ನೊಂದು ಕೂರದು.

ಹಾಕುವಾಗ ಬ್ಯಾಟರಿ ಕನೆಕ್ಟರ್ ಬಿಡಿಸಿ, ಪಟ್ಟಿಯನ್ನು ಸ್ಲಾಟ್‌ಗೆ ಸುಮಾರು 30 ಡಿಗ್ರಿ ಓರೆಯಾಗಿ ತೂರಿಸಿ, ಎರಡೂ ಬದಿಯ ಕ್ಲಿಪ್ ಟಕ್ ಅನ್ನೋವರೆಗೆ ಕೆಳಗೊತ್ತಿ. ಚಿನ್ನದ ಬಣ್ಣದ ಪಿನ್‌ಗಳು ಜಾಸ್ತಿ ಹೊರಗೆ ಕಾಣುತ್ತಿದ್ದರೆ ಪೂರ್ತಿ ಕೂತಿಲ್ಲ. ಆನ್ ಮಾಡಿದಾಗ ಸ್ಕ್ರೀನ್ ಕಪ್ಪಗೇ ಇರೋದು ಬಹುತೇಕ ಇದರಿಂದಲೇ. ಡಿಡಿಆರ್5 ಆಗಿದ್ದರೆ ಮೊದಲ ಸಲ ಸ್ಕ್ರೀನ್ ಬರೋಕೆ ಒಂದೆರಡು ನಿಮಿಷ ಕಾಯಿರಿ.