ರೈಸ್ ಮಿಲ್ ಕಣದಲ್ಲಿ ಎದ್ದು ನಿಂತ ನಮ್ಮ ಹಾಕಿ ತಂಡ

ಮೂರು ವರ್ಷದ ಹಿಂದೆ ನಮ್ಮ ಮಂಡ್ಯದ ತಂಡ ಕೊಡಗಿನ ಒಂದು ಟೂರ್ನಿಯಲ್ಲಿ 9–0 ಅಂತ ಸೋತಿತು. ವಾಪಸ್ ಬರುವಾಗ ವ್ಯಾನಿನಲ್ಲಿ ಅರ್ಧಕ್ಕರ್ಧ ಸೀಟು ಖಾಲಿ. ಆ ದಿನ ಇಳಿದ ಹನ್ನೊಂದು ಜನರಲ್ಲಿ ಆರು ಜನ ಗೆಸ್ಟ್ ಪ್ಲೇಯರ್‌ಗಳು, ಅಂದರೆ ದುಡ್ಡು ಕೊಟ್ಟು ಹೊರಗಿನಿಂದ ಕರೆಸಿದವರು. ಆಟ ಮುಗಿದ ಕೂಡಲೇ ದುಡ್ಡು ಎಣಿಸಿಕೊಂಡು ತಮ್ಮ ತಮ್ಮ ಬಸ್ಸು ಹತ್ತಿದ್ದರು. ಈ ವರ್ಷ ಅದೇ ಟೂರ್ನಿಯಲ್ಲಿ ನಾವು ಸೆಮಿಫೈನಲ್ ಆಡಿದೆವು. ಹನ್ನೊಂದು ಜನವೂ ನಮ್ಮ ಜಿಲ್ಲೆಯವರೇ. ಆಗಲ್ಲ ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಆಗಿನ ಲೆಕ್ಕ ಮೊದಲು ಹೇಳಿಬಿಡುತ್ತೇನೆ. ಒಬ್ಬ ಸ್ಪಾನ್ಸರ್ ವರ್ಷಕ್ಕೆ ಸುಮಾರು 4 ಲಕ್ಷ ಕೊಡುತ್ತಿದ್ದರು. ಅದರಲ್ಲಿ ಎರಡೂವರೆ ಲಕ್ಷ ಗೆಸ್ಟ್‌ಗಳಿಗೇ ಹೋಗುತ್ತಿತ್ತು. ಮ್ಯಾಚಿಗೆ ಎರಡೂವರೆ–ಮೂರು ಸಾವಿರ, ಜೊತೆಗೆ ಬಸ್ ಚಾರ್ಜು, ಲಾಡ್ಜು, ಊಟ. ಸೆಂಟರ್ ಫಾರ್ವರ್ಡ್ ಒಬ್ಬನಿಗೆ 5 ಸಾವಿರ. ನಮ್ಮ ಊರಿನ ಹುಡುಗರಿಗೆ ಇಡ್ಲಿ ಮತ್ತು ಬಾಳೆಹಣ್ಣು. ಗೆಸ್ಟ್‌ಗಳ ಆಟ ಕೆಟ್ಟದಾಗಿತ್ತು ಅಂತ ನಾನು ಹೇಳುವುದಿಲ್ಲ. ಒಬ್ಬೊಬ್ಬನೂ ನಮ್ಮ ಹುಡುಗರಿಗಿಂತ ಜಾಸ್ತಿ ಚೆನ್ನಾಗಿ ಆಡುತ್ತಿದ್ದ. ಆದರೆ ಮ್ಯಾಚಿನ ದಿನ ಬೆಳಿಗ್ಗೆ ಬರುವವನಿಗೆ ನಮ್ಮ ಲೆಫ್ಟ್ ಹಾಫ್ ಹೆಸರೇ ಗೊತ್ತಿರುವುದಿಲ್ಲ. 9–0 ಮ್ಯಾಚಿನಲ್ಲಿ ಪೆನಾಲ್ಟಿ ಕಾರ್ನರ್ (ಗೋಲಿನ ಹತ್ತಿರ ತಪ್ಪು ಮಾಡಿದರೆ ಎದುರಾಳಿಗೆ ಸಿಗುವ ಅವಕಾಶ) ತಡೆಯಲು ಇಬ್ಬರು ಒಂದೇ ದಾರಿಯಲ್ಲಿ ಓಡಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದರು. ಅದು ನಾಲ್ಕನೆಯ ಗೋಲು.

ಅದಾದ ಮೇಲೆ ಸ್ಪಾನ್ಸರ್ ಕೈಬಿಟ್ಟರು. ಕಮಿಟಿಯಲ್ಲಿ ಹಿರಿಯರೊಬ್ಬರು, "ಮಂಡ್ಯ ಅಂದ್ರೆ ಕಬಡ್ಡಿ ಕಣಯ್ಯ. ಹಾಕಿ ಬೇಕು ಅಂದ್ರೆ ಕೊಡಗಿಗೆ ಹೋಗು" ಅಂದರು. ನಾನು ಎರಡು ವರ್ಷ ಟೈಮ್ ಕೇಳಿದೆ. ಗೆಸ್ಟ್‌ಗಳನ್ನು ಪೂರ್ತಿ ನಿಲ್ಲಿಸುತ್ತೇನೆ, ನಮ್ಮ ಹುಡುಗರಿಗೇ ತಿಂಗಳಿಗೆ ಇಷ್ಟು ಅಂತ ಕೊಡುತ್ತೇನೆ ಅಂದಾಗ ಇಡೀ ಕಮಿಟಿ ನನ್ನನ್ನೇ ನೋಡಿತು.

ಈ ಯೋಚನೆ ನನಗೆ ಬಂದದ್ದು ಕೊಡಗಿನಿಂದಲೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಹಬ್ಬ ನೋಡಿದವರಿಗೆ ಇದು ಗೊತ್ತು. ಅಲ್ಲಿ ಆಡುವುದು ಮನೆತನದವರು. ಹೊರಗಿನಿಂದ ದುಡ್ಡು ಕೊಟ್ಟು ಯಾರನ್ನೂ ತರುವ ಹಾಗಿಲ್ಲ. ಮೊದಲ ವರ್ಷ 60 ಕುಟುಂಬ ಇದ್ದದ್ದು, 2024ರಲ್ಲಿ ನಾಪೋಕ್ಲಿನಲ್ಲಿ 360 ಆಯಿತು. ಚಿಕ್ಕಪ್ಪ ಫುಲ್ ಬ್ಯಾಕ್, ಅಣ್ಣನ ಮಗ ಫಾರ್ವರ್ಡ್. ಚೆಂಡು ಎಲ್ಲಿಗೆ ಬರುತ್ತದೆ ಅಂತ ಕೂಗಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ನಾನು ಹುಡುಗರಿಗೆ ಪದೇ ಪದೇ ಹೇಳುತ್ತಿದ್ದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ನಮ್ಮ ದೇಶ ಅರ್ಹತೆಯನ್ನೇ ಪಡೆಯಲಿಲ್ಲ. 2012ರಲ್ಲಿ ಲಂಡನ್‌ಗೆ ಹೋಗಿ ಹನ್ನೆರಡನೆಯ ಸ್ಥಾನ, ಅಂದರೆ ಕಟ್ಟಕಡೆಗೆ. ಆ ತಂಡದಲ್ಲಿ ಮನ್‌ಪ್ರೀತ್ ಸಿಂಗ್ ಇದ್ದರು, ಶ್ರೀಜೇಶ್ ಇದ್ದರು. ಒಂಬತ್ತು ವರ್ಷದ ನಂತರ ಟೋಕಿಯೊದಲ್ಲಿ ಜರ್ಮನಿಯನ್ನು 5–4ರಿಂದ ಸೋಲಿಸಿ ಕಂಚು ಗೆದ್ದಾಗ ಮನ್‌ಪ್ರೀತ್ ಕ್ಯಾಪ್ಟನ್, ಗೋಲಿನಲ್ಲಿ ಶ್ರೀಜೇಶ್. ಸೋತ ಹುಡುಗರನ್ನು ಉಳಿಸಿಕೊಂಡರೆ ಮಾತ್ರ ಅವರು ಗೆಲ್ಲುವ ವಯಸ್ಸಿಗೆ ಬರುತ್ತಾರೆ, ಅಲ್ವಾ?

ಸರಿ, ದುಡ್ಡಿನ ವಿಷಯ. ಒಬ್ಬ ದೊಡ್ಡ ಸ್ಪಾನ್ಸರ್ ಹುಡುಕುವುದನ್ನೇ ಬಿಟ್ಟೆ. ಹದಿನೆಂಟು ಜೆರ್ಸಿ ನಂಬರಿಗೆ ಹದಿನೆಂಟು ಜನರನ್ನು ಹುಡುಕಿದೆ. ಒಂದು ನಂಬರಿಗೆ ತಿಂಗಳಿಗೆ 2 ಸಾವಿರ. ಗೊಬ್ಬರದ ಅಂಗಡಿಯವರು, ಮೆಡಿಕಲ್ ಸ್ಟೋರಿನವರು, ಇಬ್ಬರು ಆಲೆಮನೆ ಯಜಮಾನರು, ಒಬ್ಬರು ರೈಸ್ ಮಿಲ್ ಮಾಲೀಕರು, ಹಳೆ ಆಟಗಾರರು ನಾಲ್ಕೈದು ಜನ. ಅಲ್ಲಿಗೆ ತಿಂಗಳಿಗೆ 36 ಸಾವಿರ. ತಂಡದಲ್ಲಿ 22 ಹುಡುಗರು. ಒಬ್ಬೊಬ್ಬನಿಗೆ 1,500, ಒಟ್ಟು 33 ಸಾವಿರ. ಉಳಿದ 3 ಸಾವಿರ ಚೆಂಡು, ಸುಣ್ಣದ ಪುಡಿ, ಗ್ರೌಂಡಿಗೆ ನೀರಿನ ಟ್ಯಾಂಕರು. ಕ್ಯಾಪ್ಟನ್‌ಗೂ 1,500, ಬೆಂಚಿನಲ್ಲಿ ಕೂರುವವನಿಗೂ 1,500. ಪ್ರತಿ ತಿಂಗಳು 5ನೇ ತಾರೀಖು. ಏನೇ ಆಗಲಿ, ಆ ತಾರೀಖು ತಪ್ಪಿಸಿಲ್ಲ. ಈ ಒಂದು ವಿಷಯದಲ್ಲಿ ನನಗೆ ಹೆಮ್ಮೆ ಇದೆ.

ಹೇಳಿದಷ್ಟು ಸುಲಭ ಇರಲಿಲ್ಲ. ಮೂರನೇ ತಿಂಗಳಿಗೇ ಐದು ಜನ ದಾನಿಗಳು ಕೈ ಎತ್ತಿದರು. ಸೋಲುವ ತಂಡದ ಜೆರ್ಸಿಗೆ ಯಾರು ದುಡ್ಡು ಕೊಡುತ್ತಾರೆ ಹೇಳಿ. ಹುಡುಗರಿಗೆ ಕೊಡುವ ದುಡ್ಡಿಗೇ ತಿಂಗಳಿಗೆ 7 ಸಾವಿರ ಕಡಿಮೆ ಬಿತ್ತು. ನನ್ನ ಚೀಟಿ ಒಂದು ಇತ್ತು, ಅದನ್ನು ಎತ್ತಿದೆ. ಕೈಗೆ ಸುಮಾರು 80 ಸಾವಿರ ಬಂತು. ನಾಲ್ಕು ತಿಂಗಳು ಅದರಲ್ಲೇ ತುಂಬಿದೆ.

ಉಳಿದದ್ದು ಗೋಲ್‌ಕೀಪರ್ ಕಿಟ್ಟಿಗೆ ಹೋಯಿತು. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಲೇಬೇಕು. ಮೊದಲು ಸೆಕೆಂಡ್ ಹ್ಯಾಂಡ್ ಕಿಟ್ ತಂದಿದ್ದೆ, 18 ಸಾವಿರಕ್ಕೆ. ನೋಡಲು ಚೆನ್ನಾಗಿತ್ತು. ಆದರೆ ಫೋಮ್ ಸತ್ತುಹೋಗಿತ್ತು. ಕಿಕ್ಕರಿಗೆ, ಅಂದರೆ ಕೀಪರ್ ಪಾದಕ್ಕೆ ಕಟ್ಟುವ ಪ್ಯಾಡಿಗೆ, ಚೆಂಡು ತಗುಲಿದರೆ ಹಾರಿ ಹೊರಗೆ ಹೋಗಬೇಕು ತಾನೆ? ಇದರಲ್ಲಿ ತಗುಲಿ ಅಲ್ಲೇ ಕಾಲ ಹತ್ತಿರ ಬೀಳುತ್ತಿತ್ತು. ಎದುರಾಳಿ ಬಂದು ಸುಮ್ನೆ ತಳ್ಳಿದರೆ ಗೋಲು. ನಾನು ಎರಡು ತಿಂಗಳು ಹುಡುಗನನ್ನೇ ಬೈದೆ. ಮದ್ದೂರು ಕಡೆಯ ಹುಡುಗ, ಒಂದು ಮಾತೂ ಆಡಲಿಲ್ಲ. ಒಂದು ದಿನ ಪೊನ್ನಂಪೇಟೆಯಲ್ಲಿ ಬೇರೆ ತಂಡದ ಕೀಪರ್ ಹತ್ತಿರ ಪ್ಯಾಡು ಇಸ್ಕೊಂಡು ಆಡಿದ. ಬಂದ ಚೆಂಡೆಲ್ಲ ಸೈಡ್‌ಲೈನಿಗೆ ಹಾರಿದವು. ಆ ರಾತ್ರಿಯೇ ಹೊಸ ಕಿಟ್ಟಿಗೆ ಆರ್ಡರ್ ಹಾಕಿದೆ, ಹತ್ತಿರ ಹತ್ತಿರ 45 ಸಾವಿರ. ಮರುದಿನ ಹುಡುಗನ ಮುಂದೆ ಎಲ್ಲರೂ ಇರುವಾಗಲೇ ತಪ್ಪು ನನ್ನದು ಅಂದೆ. ಹಳೆ ಕಿಟ್ ಕೊಳ್ಳುವವರು ಮೊದಲು ಕಿಕ್ಕರನ್ನು ನೆಲಕ್ಕಿಟ್ಟು ನಾಲ್ಕು ಹೆಜ್ಜೆಯಿಂದ ಚೆಂಡು ಹೊಡೆದು ನೋಡಿ. ಎಷ್ಟು ದೂರ ವಾಪಸ್ ಬರುತ್ತದೆ ನೋಡಿ ದುಡ್ಡು ಕೊಡಿ.

ಮೊದಲ ಸೀಸನ್‌ನಲ್ಲಿ 14 ಮ್ಯಾಚು. 11 ಸೋಲು, 2 ಡ್ರಾ, 1 ಗೆಲುವು. ಬಿಟ್ಟ ಗೋಲು ಐವತ್ತರ ಹತ್ತಿರ. ಮನೆಯಲ್ಲಿ ಕೂತು ಒಂದೊಂದೇ ಗೋಲು ಬರೆದುಕೊಂಡೆ. ಮೂವತ್ತು ಗೋಲು ಪೆನಾಲ್ಟಿ ಕಾರ್ನರ್‌ನಲ್ಲಿ! ಆಗ ಅರ್ಥವಾಯಿತು, ನಾವು ಆಟದಲ್ಲಿ ಅಷ್ಟೇನೂ ಸೋಲುತ್ತಿಲ್ಲ, ಕಾರ್ನರ್‌ನಲ್ಲಿ ಸೋಲುತ್ತಿದ್ದೇವೆ. ಎರಡನೆಯ ವರ್ಷ ಫಾರ್ವರ್ಡ್‌ಗಳ ತಂಟೆಗೇ ಹೋಗಲಿಲ್ಲ. ಹುಡುಗರು ಬೇಜಾರು ಮಾಡಿಕೊಂಡರು, "ಸಾ, ಗೋಲು ಹೊಡಿಯದು ಯಾವಾಗ ಕಲಿಸ್ತೀರಿ?" ಅಂತ. ಬಿಡದೆ ವಾರಕ್ಕೆ ನಾಲ್ಕು ದಿನ ಕಾರ್ನರ್ ತಡೆಯುವುದೊಂದೇ ಮಾಡಿಸಿದೆ. ಗೋಲ್ ಲೈನ್ ಹಿಂದೆ ಕೀಪರ್ ಸೇರಿ ಐದು ಜನ. ಆ ಐದು ಜನ ಯಾವತ್ತೂ ಬದಲಾಗಲಿಲ್ಲ.

ಕಬಡ್ಡಿ ಹುಡುಗರು ನೆನಪಾದದ್ದು ಆಗಲೇ. ಫಸ್ಟ್ ರಶರ್‌ಗೆ, ಅಂದರೆ ಕಾರ್ನರ್‌ನಲ್ಲಿ ಗೋಲ್ ಲೈನಿನಿಂದ ಹೊಡೆಯುವವನ ಕಡೆಗೆ ಮೊದಲು ಓಡುವವನಿಗೆ, ಬೇಕಾದದ್ದು ಎರಡೇ: ಮೊದಲ ಮೂರು ಹೆಜ್ಜೆಯ ವೇಗ, ಮತ್ತು ಎದುರಿಗೆ ಬರುವುದಕ್ಕೆ ಹೆದರದ ಎದೆ. ಎರಡೂ ನಮ್ಮ ಕಬಡ್ಡಿ ಹುಡುಗರಲ್ಲಿ ತುಂಬಿ ತುಳುಕುತ್ತದೆ. ಪಾಂಡವಪುರ ಕಡೆಯಿಂದ ಇಬ್ಬರನ್ನು ಕರೆತಂದೆ. ಸ್ಟಿಕ್ ಹಿಡಿದೇ ಗೊತ್ತಿರಲಿಲ್ಲ. ಒಬ್ಬ ಆರು ತಿಂಗಳಾದರೂ ಚೆಂಡನ್ನು ಕಾಲಿಗೇ ತಗುಲಿಸಿಕೊಳ್ಳುತ್ತಿದ್ದ. ಕಾಲಿಗೆ ತಗುಲಿದರೆ ಫೌಲ್, ಹಾಗಾಗಿ ಒಂದು ಕಾರ್ನರ್ ತಡೆಯಲು ಹೋಗಿ ಇನ್ನೊಂದು ಕಾರ್ನರ್ ಕೊಡುತ್ತಿದ್ದ. ಅವನು ವಾಪಸ್ ಕಬಡ್ಡಿಗೆ ಹೋದ, ಈಗಲೂ ನಮ್ಮ ಮ್ಯಾಚ್ ನೋಡಲು ಬರುತ್ತಾನೆ. ಇನ್ನೊಬ್ಬ ಈಗ ನಮ್ಮ ತಂಡದ ಪ್ರಾಣ. ಮುಖಕ್ಕೆ ಮಾಸ್ಕ್, ಮಂಡಿಗೆ ಗಾರ್ಡ್ ಕಟ್ಟಿಕೊಂಡು ಬಾಣದ ಹಾಗೆ ಹೋಗುತ್ತಾನೆ. ಈ ಎರಡು ಸಾಮಾನಿಗೆ ಮಾತ್ರ ಕಂಜೂಸ್ ಮಾಡಬೇಡಿ, ಹುಡುಗನ ಮುಖದ ಪ್ರಶ್ನೆ. ಓಡಲು ಶುರು ಮಾಡುವಾಗ ಅವನು ಚೆಂಡನ್ನು ನೋಡುವುದಿಲ್ಲ, ಬೇರೆ ಒಂದನ್ನು ನೋಡುತ್ತಾನೆ. ಅದರಿಂದಲೇ ಅರ್ಧ ಹೆಜ್ಜೆ ಮೊದಲು ಹೊರಡುತ್ತಾನೆ. ಅದೇನು ಅಂತ ಇಲ್ಲಿ ಬರೆಯಲಾರೆ. ಮುಂದಿನ ಸೀಸನ್ನಿನಲ್ಲಿ ಇದನ್ನು ಓದಿದವರೇ ನಮ್ಮ ಎದುರಿಗೆ ಬರುತ್ತಾರೆ.

ಎಲ್ಲರೂ ಕೇಳುವುದು ಟರ್ಫ್ ಬಗ್ಗೆ, ಅಂದರೆ ಕೃತಕ ಹುಲ್ಲಿನ ಮೈದಾನದ ಬಗ್ಗೆ. ನಮ್ಮದು ಮಣ್ಣಿನ ಗ್ರೌಂಡು. ಎಷ್ಟು ರೋಲರ್ ಎಳೆದರೂ ಚೆಂಡು ಎಗರುತ್ತದೆ. ಟೂರ್ನಿಗಳು ಟರ್ಫ್ ಮೇಲೆ. ಟರ್ಫ್‌ಗೆ ಅಂತ ಪ್ರತಿ ವಾರ ಪೊನ್ನಂಪೇಟೆಗೋ ಬೆಂಗಳೂರಿನ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಸ್ಟೇಡಿಯಂಗೋ ಹೋಗಲು ನಮ್ಮ ಕೈಯಲ್ಲಿ ಆಗುತ್ತದಾ? ವ್ಯಾನಿಗೇ ಒಂದು ಸಲಕ್ಕೆ 7–8 ಸಾವಿರ ಬೇಕು. ಒಂದು ಸಲ ಅಷ್ಟು ದೂರ ಹೋದ ಮೇಲೆ, ಹೇಳಿಟ್ಟಿದ್ದ ಟೈಮ್ ಬೇರೆಯವರಿಗೆ ಕೊಟ್ಟುಬಿಟ್ಟಿದ್ದೇವೆ ಅಂದರು. ಆ ದಿನ ಹುಡುಗರ ಮುಖ ನೋಡಲಾಗಲಿಲ್ಲ.

ನಂಬರ್ 7 ಜೆರ್ಸಿಗೆ ದುಡ್ಡು ಕೊಡುವ ರೈಸ್ ಮಿಲ್ ಮಾಲೀಕರನ್ನು ನೋಡಲು ಒಂದು ಸಂಜೆ ಹೋಗಿದ್ದೆ. ಭತ್ತ ಒಣಗಿಸುವ ಸಿಮೆಂಟ್ ಕಣ ತೊಳೆಯುತ್ತಿದ್ದರು. ನೀರು ನಿಂತಿತ್ತು. ಜೇಬಿನಲ್ಲಿ ಚೆಂಡಿತ್ತು, ಸುಮ್ನೆ ಉರುಳಿಸಿದೆ. ಜಾರಿಕೊಂಡು ಹೋಯಿತು, ಒಂದು ಚೂರೂ ಎಗರಲಿಲ್ಲ. ನೀರು ಹಾಕಿದ ಟರ್ಫ್ ಮೇಲೆ ಹೋಗುವ ಹಾಗೇ! "ಯಜಮಾನ್ರೆ, ರಾತ್ರಿ ಏಳರಿಂದ ಒಂಬತ್ತು ಈ ಕಣ ನಮಗೆ ಕೊಡಿ" ಅಂದೆ. ಅವರು, "ಭತ್ತ ಇಲ್ದಿದ್ದಾಗ ಆಡ್ಕೊಳಿ, ಆದ್ರೆ ಆಮೇಲೆ ಗುಡಿಸ್ಬುಟ್ಟು ಹೋಗ್ಬೇಕು" ಅಂದರು. ಅಷ್ಟೇ ಬಾಡಿಗೆ.

ಆ ಕಣದಲ್ಲಿ ಪೂರ್ತಿ ಆಟ ಆಡಲಾಗುವುದಿಲ್ಲ. ಆದರೆ ಚೆಂಡು ನಿಲ್ಲಿಸುವುದು, ಪುಶ್ ಮಾಡುವುದು, ಕಾರ್ನರ್ ಇಂಜೆಕ್ಷನ್ (ಗೋಲ್ ಲೈನಿನಿಂದ ಚೆಂಡನ್ನು ಹೊರಗೆ ತಳ್ಳುವುದು), ಡ್ರ್ಯಾಗ್ ಫ್ಲಿಕ್ (ಚೆಂಡನ್ನು ಸ್ಟಿಕ್ಕಿನಲ್ಲಿ ಎಳೆದು ಗೋಲಿಗೆ ಎಸೆಯುವುದು), ಎಲ್ಲಾ ಆಗುತ್ತದೆ. ಮಣ್ಣಿನಲ್ಲಿ ಫ್ಲಿಕ್ ಕಲಿಯಲು ಸಾಧ್ಯವೇ ಇಲ್ಲ, ಎಳೆಯುವಾಗಲೇ ಚೆಂಡು ಸ್ಟಿಕ್ ಬಿಟ್ಟು ಎಗರುತ್ತದೆ. ಗೋಡೆಗೆ ಗೋಣಿಚೀಲ ತೂಗುಹಾಕಿ ಗೋಲು ಮಾಡಿದೆವು. ತೊಂದರೆ ಎರಡು. ಒಂದು, ಸಿಮೆಂಟ್ ಸ್ಟಿಕ್ಕನ್ನು ತಿನ್ನುತ್ತದೆ. 4 ಸಾವಿರದ ಕಾಂಪೊಸಿಟ್ ಸ್ಟಿಕ್ಕುಗಳು ಎರಡೇ ತಿಂಗಳಲ್ಲಿ ತಳ ಸವೆದು ಹೋದವು, ಮೂರು ಸ್ಟಿಕ್ ಹಾಳಾದ ಮೇಲೆ ಬುದ್ಧಿ ಬಂತು. ಈಗ ಕಣಕ್ಕೆ ಹಳೆ ಸ್ಟಿಕ್ ಮಾತ್ರ, ತಳಕ್ಕೆ ಟೇಪ್ ಸುತ್ತಿ. ಎರಡು, ಬಿದ್ದರೆ ಮಂಡಿ ಚರ್ಮ ಕಿತ್ತು ಬರುತ್ತದೆ. ಅಲ್ಲಿ ಡೈವ್, ಟ್ಯಾಕಲ್ ಎರಡೂ ಬಂದ್.

ಎರಡನೆಯ ಸೀಸನ್ 16 ಮ್ಯಾಚು ಆಡಿದ ನೆನಪು. ಬಿಟ್ಟ ಗೋಲು 24–25, ಕಾರ್ನರ್‌ನಲ್ಲಿ ಎಂಟೇ. ಬಿಟ್ಟುಹೋಗಿದ್ದ ಐವರು ದಾನಿಗಳಲ್ಲಿ ಮೂವರು ಅವರಾಗಿಯೇ ವಾಪಸ್ ಬಂದರು. ಇನ್ನಿಬ್ಬರ ಜಾಗಕ್ಕೆ ಹೊಸಬರು ಸಿಕ್ಕರು.

ನಡುವೆ ಸಣ್ಣಪುಟ್ಟ ಪ್ರಯೋಗ ತುಂಬಾ ಮಾಡಿದೆ. ನಾಲ್ಕನೇ ಕ್ವಾರ್ಟರ್‌ನಲ್ಲಿ ನಮ್ಮವರ ಕಾಲು ಬಿದ್ದುಹೋಗುತ್ತಿತ್ತು. ಬಾಟಲಿ ಡ್ರಿಂಕ್ ಕೊಳ್ಳಲು ದುಡ್ಡಿಲ್ಲ. ಆಲೆಮನೆಯಿಂದ ಬೆಲ್ಲ ತಂದು, ನಿಂಬೆಹಣ್ಣು, ಉಪ್ಪು ಹಾಕಿ ಪಾನಕ ಮಾಡಿದೆವು. ಮೊದಲ ಸಲ ಬೆಲ್ಲ ಜಾಸ್ತಿಯಾಗಿ ಇಬ್ಬರು ಹಾಫ್‌ಟೈಮಿನಲ್ಲೇ ವಾಂತಿ ಮಾಡಿಕೊಂಡರು. ಈಗ ಅಳತೆ ಸಿಕ್ಕಿದೆ. ಬೆಲ್ಲ ಜನ ಅಂದುಕೊಳ್ಳುವುದಕ್ಕಿಂತ ತುಂಬಾ ಕಡಿಮೆ ಸಾಕು, ಅಷ್ಟು ಹೇಳುತ್ತೇನೆ. ಬಿದಿರಿನ ಗಳುವಿಗೆ ಮೊಬೈಲ್ ಕಟ್ಟಿ ಮೇಲಿನಿಂದ ವಿಡಿಯೊ ತೆಗೆಯುವುದನ್ನೂ ಮಾಡಿದೆ. ಗಾಳಿಗೆ ಗಳು ಆಡಿ ಏನೂ ಕಾಣಲಿಲ್ಲ. ಗ್ರೌಂಡ್ ಪಕ್ಕದ ಕಟ್ಟಡದ ತಾರಸಿಯ ಮೇಲೆ ಒಬ್ಬನನ್ನು ಕೂರಿಸಿದ್ದೇ ಒಳ್ಳೆಯದಾಯಿತು.

ಹುಡುಗರನ್ನು ಉಳಿಸಿಕೊಳ್ಳುವುದೇ ಎಲ್ಲಕ್ಕಿಂತ ಕಷ್ಟ. ಕಬ್ಬು ಕಡಿಯುವ ಕಾಲಕ್ಕೆ ಅರ್ಧ ತಂಡ ಇರುವುದಿಲ್ಲ. "ಸಾ, ಅಪ್ಪ ಬುಡಾಕಿಲ್ಲ ಅಂತಾವ್ರೆ" ಅಂತ ಫೋನ್ ಬರುತ್ತದೆ. ಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ನಾನೇ ಅವರ ಮನೆಗೆ ಹೋಗಿ ಅಪ್ಪಂದಿರ ಜೊತೆ ಜಗಲಿಯ ಮೇಲೆ ಕೂತೆ. 5ನೇ ತಾರೀಖಿನ ದುಡ್ಡು ಮನೆಗೆ ಬರುತ್ತಿದೆ ಅಂತ ಅವರಿಗೂ ಗೊತ್ತಿತ್ತು. 1,500 ದೊಡ್ಡ ದುಡ್ಡಲ್ಲ. ಆದರೆ ತಪ್ಪದೆ ಬರುವ ದುಡ್ಡು. ಮಗನ ಆಟಕ್ಕೆ ಒಂದು ಮರ್ಯಾದೆ ಬಂದಿತ್ತು. ಕಟಾವಿನ ಕಾಲದಲ್ಲಿ ಪ್ರಾಕ್ಟೀಸನ್ನು ರಾತ್ರಿಗೆ ಹಾಕಿದೆ, ಬಿಟ್ಟುಹೋದವರು ಇಬ್ಬರೇ.

ಕಳೆದ ವರ್ಷದ ಖರ್ಚು ಹೆಚ್ಚುಕಮ್ಮಿ 5 ಲಕ್ಷದ 20 ಸಾವಿರ. ಹುಡುಗರಿಗೇ 4 ಲಕ್ಷದ ಹತ್ತಿರ, ಓಡಾಟಕ್ಕೆ 70, ಸಾಮಾನಿಗೆ 50–60 ಸಾವಿರ. ದಾನಿಗಳಿಂದ 4 ಲಕ್ಷದ 30 ಸಾವಿರ ಬಂತು, ಬಹುಮಾನದ ದುಡ್ಡು 60 ಸಾವಿರ. ಉಳಿದ 30 ಸಾವಿರ ನನ್ನ ಕೈಯಿಂದ. ಮುಂದಿನ ವರ್ಷ ಅದೂ ಇರುವುದಿಲ್ಲ ಅಂದುಕೊಂಡಿದ್ದೇನೆ.

ಸೆಮಿಫೈನಲ್ ನಾವು ಗೆಲ್ಲಲಿಲ್ಲ, 2–1 ಅಂತ ಸೋತೆವು. ಆ ಮ್ಯಾಚಿನಲ್ಲಿ ಎದುರಾಳಿಗೆ ಏಳು ಪೆನಾಲ್ಟಿ ಕಾರ್ನರ್ ಸಿಕ್ಕಿದ್ದವು, ಗೋಲಾದದ್ದು ಒಂದೇ. ನಮ್ಮ ಗೋಲು ಕಣದಲ್ಲಿ ಕಲಿತ ಫ್ಲಿಕ್‌ನಿಂದ ಬಂತು, ಕೀಪರ್‌ನ ಎಡಗೈ ಮೇಲೆ, ಮೂಲೆಗೆ. ಆಟ ಮುಗಿದ ಮೇಲೆ ಎದುರು ತಂಡದ ಕೋಚ್ ಬಂದು, "ಎಲ್ಲಿ ಟರ್ಫ್ ಸಿಕ್ತು ನಿಮಗೆ ಮಂಡ್ಯದಲ್ಲಿ?" ಅಂದರು. ರೈಸ್ ಮಿಲ್ ಅಂದರೆ ನಂಬಲಿಲ್ಲ.

ಮದ್ದೂರಿನ ಕೀಪರ್ ಹುಡುಗನಿಗೆ ಈಗ ಬೆಂಗಳೂರಿನಲ್ಲಿ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುವ ಹಾಗಿದೆ. ಹೋಗು ಅಂದಿದ್ದೇನೆ. ಎರಡನೆಯ ಕೀಪರ್‌ನನ್ನು ಮೊದಲ ವರ್ಷದಿಂದಲೂ ಪ್ರತಿ ಮೂರನೇ ಮ್ಯಾಚಿಗೆ ಇಳಿಸುತ್ತಾ ಬಂದಿದ್ದೇನೆ, ಸೋತರೂ ಸರಿ ಅಂತ. ಅವನು ಸ್ವಲ್ಪ ಕುಳ್ಳ. ಅವನ ಅಳತೆಯ ಪ್ಯಾಡಿಗೆ ಪಂಜಾಬಿನ ಜಲಂಧರ್‌ಗೆ ಆರ್ಡರ್ ಹೋಗಿದೆ. ಕಣದ ತುಂಬ ಈಗ ಭತ್ತ ಹರಡಿದ್ದಾರೆ, ಇನ್ನೂ ಹದಿನೈದು ದಿನ ಕಾಯಬೇಕು.